ಹ್ಞೂಂ ಅನ್ನೋರು ಯಾರು?

ಇವತ್ತು ಯಾವ ಪಕ್ಷದ ಜಗಳವೂ ಇಲ್ಲ, ಯಾರ ರಾಜೀನಾಮೆಯೂ ಇಲ್ಲ. ಇವತ್ತು ಒಂದು ಲೆಕ್ಕ. ನಾನು ಓದಿದ್ದು ಎಂಜಿನಿಯರಿಂಗ್, ಮಾಡ್ತಿರೋದು ಸುದ್ದಿ ಹೇಳೋ ಕೆಲಸ. ಓದಿದ ವಿದ್ಯೆ ವರ್ಷಕ್ಕೊಮ್ಮೆಯಾದರೂ ಉಪಯೋಗಕ್ಕೆ ಬರಲಿ.

ಎರಡು ಲಕ್ಷ ಸಾಲು. ಅಚ್ಚು ಹಾಕಿದರೆ ಸುಮಾರು 7,000 ಪುಟ. ಹನ್ನೆರಡು ಕಾವ್ಯಗಳು. ಇಷ್ಟನ್ನೂ ಒಬ್ಬ ಹೆಣ್ಣುಮಗಳು ತಲೆಯಲ್ಲಿ ಇಟ್ಟುಕೊಂಡಿದ್ದರು. ಓದು ಬರಹ ಬರ್ತಿರಲಿಲ್ಲ. ಹೆಸರು ಈರಮ್ಮ. ಸಂಡೂರು ತಾಲ್ಲೂಕಿನ ದರೋಜಿಯವರು, ಹಾಗಾಗಿ ದರೋಜಿ ಈರಮ್ಮ. ಹಾಡ್ತಿದ್ದದ್ದು ಬುರ್ರಕಥೆ, ಹಾಗಾಗಿ ಬುರ್ರಕಥಾ ಈರಮ್ಮ. ಊರೂರು ಅಲೆದು ಕಥೆ ಹೇಳಿ ಬದುಕುತ್ತಿದ್ದ ಬುಡ್ಗ ಜಂಗಮ ಸಮುದಾಯ ಅವರದು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರ ಆಗಸ್ಟ್ 12ರಂದು ತೀರಿಕೊಂಡರು.

ಈಗ ಲೆಕ್ಕಕ್ಕೆ ಬನ್ನಿ. ಒಂದು ನಿಮಿಷಕ್ಕೆ ಹತ್ತು ಸಾಲು ಹಾಡ್ತಾರೆ ಅಂತ ಇಟ್ಟುಕೊಳ್ಳೋಣ. ಎರಡು ಲಕ್ಷ ಸಾಲಿಗೆ 20,000 ನಿಮಿಷ, ಅಂದರೆ 333 ಗಂಟೆ. ರಾತ್ರಿಗೆ ಎಂಟು ಗಂಟೆ ಹಾಡಿದರೂ ನಲವತ್ತೆರಡು ರಾತ್ರಿ ಬೇಕು. ನಮ್ಮ ಉತ್ಸವಗಳಲ್ಲಿ ಒಂದು ಜಾನಪದ ತಂಡಕ್ಕೆ ಎಷ್ಟು ಹೊತ್ತು ಕೊಡ್ತಾರೆ? ಬಹಳ ಪ್ರೀತಿಯಿದ್ದರೆ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷಕ್ಕೆ 200 ಸಾಲು. ಅಂದರೆ ಸಾವಿರದಲ್ಲಿ ಒಂದು ಪಾಲು. ವರ್ಷಕ್ಕೊಂದು ಉತ್ಸವದ ಲೆಕ್ಕದಲ್ಲಿ ಈರಮ್ಮನವರ ಕಥೆಗಳು ಮುಗಿಯೋದಕ್ಕೆ ಸಾವಿರ ವರ್ಷ ಬೇಕಿತ್ತು. ಅದರಲ್ಲೂ ಮಂತ್ರಿಗಳು ತಡವಾಗಿ ಬಂದರೆ ಇಪ್ಪತ್ತು ಹತ್ತಾಗತ್ತೆ.

ಈ ಲೆಕ್ಕ ಯಾಕೆ ಹಾಕಿದೆ ಅಂದರೆ, ನಾನು ಅವರನ್ನ ಒಂದು ಸಲ ಕೇಳಿದ್ದೀನಿ. ಕೇಳಿಸಿದವಳು ನನ್ನ ಅಕ್ಕ.

ನಮ್ಮದು ಗುಡೇಕೋಟೆ. ಕೂಡ್ಲಿಗಿ ತಾಲ್ಲೂಕು, ಈಗ ವಿಜಯನಗರ ಜಿಲ್ಲೆ. ಬಂಡೆಗಲ್ಲಿನ ಬೆಟ್ಟ, ಪಾಳೆಗಾರರ ಕೋಟೆ. ಒನಕೆ ಓಬವ್ವನ ತವರು ನಮ್ಮೂರೇ ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ. ಚಿತ್ರದುರ್ಗದವರು ಗಂಡನ ಮನೆ ಹೆಸರು ಹೇಳಿಕೊಂಡರೆ ನಾವು ತವರಿನ ಹೆಸರು ಹೇಳಿಕೊಳ್ಳಬಾರದಾ? ಇನ್ನೊಂದು ಗುರುತು ಕರಡಿ. ದರೋಜಿಯಲ್ಲೂ ಕರಡಿಧಾಮ, ಗುಡೇಕೋಟೆಯಲ್ಲೂ ಕರಡಿಧಾಮ. ದರೋಜಿ ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ಕರಡಿ. ನಮ್ಮ ಮನೆಯಲ್ಲಿ ಮಾತ್ರ ದರೋಜಿ ಅಂದರೆ ಈರಮ್ಮ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹತ್ತನೇ ಕ್ಲಾಸು ಪಾಸು ಮಾಡಿದಳು, ಮುಂದೆ ಓದಿಸಲಿಲ್ಲ. ಕಾಲೇಜಿಗೆ ಕೂಡ್ಲಿಗಿಗೆ ಹೋಗಬೇಕಿತ್ತು, ಸಂಜೆ ವಾಪಸ್ ಬರೋ ಬಸ್ಸಿನ ಭರವಸೆ ಇರಲಿಲ್ಲ, ಅಪ್ಪ ಬೇಡ ಅಂದ. ನಾಲ್ಕು ವರ್ಷದ ನಂತರ ಅದೇ ಅಪ್ಪ ನನ್ನನ್ನ ಬಳ್ಳಾರಿಗೆ ಕಳಿಸಿ, ಹಾಸ್ಟೆಲ್‌ನಲ್ಲಿಟ್ಟು ಎಂಜಿನಿಯರಿಂಗ್ ಓದಿಸಿದ. ಅಕ್ಕನ ಪಾಲಿಗೆ ಉಳಿದದ್ದು ಅಜ್ಜಿ. ಅಜ್ಜಿಯ ಹತ್ತಿರ ಸೋಬಾನೆ ಪದ ಇದ್ದವು, ಕುಟ್ಟೋ ಬೀಸೋ ಪದ ಇದ್ದವು, ಸತ್ತವರ ಮನೆಯಲ್ಲಿ ಹಾಡೋ ಪದ ಇದ್ದವು, ಕುಮಾರರಾಮನ ಕಥೆ ಇತ್ತು. ಅಜ್ಜಿ ಕಥೆ ಹೇಳೋಕೆ ಒಂದೇ ಷರತ್ತು. ಹ್ಞೂಂ ಅನ್ನಬೇಕು. ನಾವು ಹ್ಞೂಂ ಅನ್ನದಿದ್ದರೆ ಅಜ್ಜಿ ಅಲ್ಲಿಗೇ ನಿಲ್ಲಿಸೋಳು. ನಾನು ಮೂರನೇ ಹ್ಞೂಂಗೆ ನಿದ್ದೆ. ಅಕ್ಕ ಕೊನೇತನಕ.

2010ರ ಬೇಸಿಗೆ. ಶೇಂಗಾ, ಜೋಳದ ಸುಗ್ಗಿಯೆಲ್ಲ ಮುಗಿದಿತ್ತು. ನಾನು ರಜೆಗೆ ಬಂದಿದ್ದೆ. ಹತ್ತಿಪ್ಪತ್ತು ಮೈಲಿ ದೂರದ ಒಂದು ಹಳ್ಳಿಯಲ್ಲಿ, ಗುಡಿ ಮುಂದೆ, ಈರಮ್ಮನವರ ಬುರ್ರಕಥೆ ಇದೆ ಅಂತ ಅಕ್ಕನಿಗೆ ಸುದ್ದಿ ಸಿಕ್ಕಿತ್ತು. ರೇಡಿಯೋದಲ್ಲಿ ಕೇಳಿದ್ದಳು, ಎದುರಿಗೆ ನೋಡಿರಲಿಲ್ಲ. ಅತ್ತೆಯ ಹತ್ತಿರ ಅಪ್ಪಣೆ ಕೇಳಿ, ರೊಟ್ಟಿ ತಟ್ಟಿಟ್ಟು, ಮಗಳನ್ನ ಮಲಗಿಸಿ, ಭಾವನ ಟಿವಿಎಸ್ ಗಾಡಿಯ ಕೀಲಿ ನನ್ನ ಕೈಗೆ ಕೊಟ್ಟಳು.

"ಅಕ್ಕಾ, ರಾತ್ರಿ ವಾಪಸ್ ಬರಬೇಕಾದ್ರೆ ಗುಡ್ಡದ ಹಾದಿ. ಕರಡಿ ಬಂದ್ರೆ?" ಅಂದೆ.

"ಬರ್ಲಿ ಬಿಡೋ. ಅದೂ ಕಥಿ ಕೇಳಾಕೇ ಬಂದಿರತೈತೆ."

ಹೋದ್ವಿ. ಅಲ್ಲೇನು ದೊಡ್ಡ ವೇದಿಕೆ ಇರಲಿಲ್ಲ. ಗುಡಿ ಕಟ್ಟೆ, ಎರಡು ಟ್ಯೂಬ್‌ಲೈಟು, ಕೀರಲು ದನಿಯ ಒಂದು ಮೈಕು. ಜನ ಚಾಪೆ, ಗೋಣಿಚೀಲ ತಂದು ಜಾಗ ಹಿಡಿದಿದ್ದರು. ನಾನು ಬೆಂಗಳೂರಿನ ಕಾಲೇಜು ಫೆಸ್ಟ್‌ಗಳನ್ನ ನೋಡಿದ್ದವನು. ಗಾಯಕ ಬರೋ ಮುಂಚೆ ಹೊಗೆ ಬರಬೇಕು, ಬೆಳಕು ಬರಬೇಕು ಅಂದುಕೊಂಡವನು. ಇಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಎದ್ದು ನಿಂತರು. ಅಷ್ಟೇ. ಜನ ಸುಮ್ಮನಾದರು.

ಬುರ್ರಕಥೆ ನೋಡದವರಿಗೆ ಒಂದು ಮಾತು. ಇದು ನಮ್ಮ ಸೀಮೆಗೂ ತೆಲುಗು ಸೀಮೆಗೂ ಸೇರಿದ ಕಲೆ. ಆಂಧ್ರದಲ್ಲಿ ಷೇಕ್ ನಾಜರ್ ಎನ್ನುವವರು ಇದನ್ನ ದೊಡ್ಡದಾಗಿ ಬೆಳೆಸಿದರು, ಅವರಿಗೆ 1986ರಲ್ಲಿ ಪದ್ಮಶ್ರೀ ಬಂತು. ಅಲ್ಲೂ ಇಲ್ಲೂ ಒಂದೇ ನಿಯಮ: ಬುರ್ರಕಥೆ ಒಬ್ಬರಿಂದ ಆಗೋದಲ್ಲ. ನಡುವೆ ಮುಖ್ಯ ಕಥೆಗಾರರು, ಅಕ್ಕಪಕ್ಕ ಇಬ್ಬರು. ಅವರು ದಿಮ್ಮಿ ಬಾರಿಸ್ತಾರೆ, ಪಲ್ಲವಿ ಹಿಡೀತಾರೆ. ಅದಕ್ಕಿಂತ ಮುಖ್ಯವಾಗಿ, ಕೇಳ್ತಾರೆ. ಹೌದಾ? ಆಮೇಲೆ? ಅಯ್ಯೋ, ಹಂಗಂದ್ಲಾ? ಹೀಗೆ. ಕೂತ ಜನ ಕೇಳಬೇಕಾದ ಪ್ರಶ್ನೆಯನ್ನ ಜನರ ಪರವಾಗಿ ಕೇಳ್ತಾರೆ. ಕಥೆ ಭಾರವಾದಾಗ ಒಂದು ಕುಚೋದ್ಯ ಎಸೀತಾರೆ. ನಮ್ಮ ಸ್ಟುಡಿಯೋದ ಚರ್ಚೆಗಳಿಗೂ ಇದಕ್ಕೂ ಒಂದೇ ವ್ಯತ್ಯಾಸ. ಅಲ್ಲಿ ಪಕ್ಕದವರು ಮಾತು ಮುಂದಕ್ಕೆ ಹೋಗಲಿ ಅಂತ ನಡುವೆ ಬಾಯಿ ಹಾಕ್ತಾರೆ.

ಈರಮ್ಮನವರ ಜೊತೆಗೆ ಜೀವನಪೂರ್ತಿ ಹಾಡಿದ ಆ ಇಬ್ಬರು ಯಾರು ಗೊತ್ತಾ? ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ. ಮನೆಮಂದಿಯೇ ಮೇಳ.

ಆ ರಾತ್ರಿ ಹಾಡಿದ್ದು ಕುಮಾರರಾಮನ ಕಥೆ. ಇದು ದೂರದ ದೇಶದ ಕಥೆಯಲ್ಲ. ಕಂಪಿಲರಾಯನ ಮಗ, ಕುಮ್ಮಟದುರ್ಗದ ರಾಜಕುಮಾರ. ಕಂಪಿಲಿ ರಾಜ್ಯ ದೆಹಲಿಯ ತುಘಲಕನ ಸೈನ್ಯಕ್ಕೆ ಬಿದ್ದದ್ದು ಸುಮಾರು 1327ರಲ್ಲಿ. ವಿಜಯನಗರ ಎದ್ದದ್ದು ಅದಾದ ಮೇಲೆ. ಸಂಡೂರಿನ ರಾಮಗಡ ಇವತ್ತಿಗೂ ಅವನ ಹೆಸರು ಹೇಳತ್ತೆ. ಹದಿನಾರನೇ ಶತಮಾನದಲ್ಲಿ ನಂಜುಂಡ ಕವಿ ಅವನ ಮೇಲೆ ಸಾಂಗತ್ಯ ಬರೆದ. ಹಳ್ಳಿಗಳಲ್ಲಿ ಹಾಡೋರು ಅದನ್ನ ಓದಿ ಕಲಿತವರಲ್ಲ. ಅವರಿಗೆ ಅವರ ಹಿರಿಯರಿಂದ ಬಂದದ್ದು ಬೇರೆಯೇ. ಚೆಂಡಾಟ, ಮಲತಾಯಿ ರತ್ನಾಜಿಯ ಆಸೆ, ರಾಮ ಒಪ್ಪದೆ ಬಂದದ್ದು, ಅವಳು ಗಂಡನ ಮುಂದೆ ಸುಳ್ಳು ಹೇಳಿದ್ದು, ತಂದೆಯೇ ಮಗನ ತಲೆ ತರಲು ಹೇಳಿದ್ದು, ಮಂತ್ರಿ ಬೈಚಪ್ಪ ಅವನನ್ನ ಬಚ್ಚಿಟ್ಟು ಇನ್ನೊಂದು ತಲೆ ತೋರಿಸಿದ್ದು. ಕೂತವರಿಗೆಲ್ಲ ಕಥೆ ಗೊತ್ತಿತ್ತು. ಆದರೂ ತಲೆ ತರಲು ಹೇಳೋ ಜಾಗಕ್ಕೆ ಬಂದಾಗ ನನ್ನ ಹಿಂದೆ ಕೂತಿದ್ದ ಒಬ್ಬ ಗಡ್ಡದ ತಾತ "ಥೂ, ನಿನ್ನ ರಾಜ್ಯಕ್ಕಿಷ್ಟು" ಅಂತ ಕಂಪಿಲರಾಯನಿಗೆ ಬೈದ. ಏಳುನೂರು ವರ್ಷದ ಹಿಂದಿನ ದೊರೆಗೆ!

ನಾನು ಕಥೆಯನ್ನ ಎಷ್ಟು ನೋಡಿದೆನೋ ಅಕ್ಕನನ್ನೂ ಅಷ್ಟೇ ನೋಡಿದೆ. ಮೊದಲ ಅರ್ಧ ಗಂಟೆ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಆಮೇಲೆ ತುಟಿ ಅಲ್ಲಾಡೋಕೆ ಶುರುವಾಯ್ತು. ಅಲ್ಲಿ ಪಕ್ಕದವರು ಪಲ್ಲವಿ ಎತ್ತೋ ಮುಂಚೆಯೇ ಇವಳ ಗಂಟಲಲ್ಲಿ ಅದು ಎದ್ದಿರೋದು. ಅಲ್ಲಲ್ಲಿ ತಡೆದು, "ನಮ್ಮಜ್ಜಿ ಇಲ್ಲಿ ಬ್ಯಾರೆ ಹೇಳ್ತಿದ್ಲು" ಅಂತ ನನ್ನ ಕಿವಿಯಲ್ಲಿ. ಎಲ್ಲೋ ಒಂದು ಕಡೆ, ತಾಯಿ ಮಗನಿಗಾಗಿ ಅಳೋ ಜಾಗ, ಈರಮ್ಮನವರು ಸಾಲು ಮುಗಿಸಿ ಉಸಿರು ತಗೊಂಡರು. ವಯಸ್ಸಾಗಿತ್ತು, ಉಸಿರು ಸ್ವಲ್ಪ ಉದ್ದವಾಯ್ತು. ಆ ನಿಶ್ಶಬ್ದದಲ್ಲಿ ನಮ್ಮಕ್ಕ, ನೂರಾರು ಜನರ ನಡುವೆ ಕೂತವಳು, ಗಟ್ಟಿಯಾಗಿ "ಹ್ಞೂಂ" ಅಂದುಬಿಟ್ಟಳು. ನನಗೆ ನಾಚಿಕೆ. ಸುತ್ತ ಇದ್ದವರು ತಿರುಗಿ ನೋಡಿದರು. ಕಟ್ಟೆಯ ಮೇಲಿದ್ದವರು ಆ ಹ್ಞೂಂ ಬಂದ ಕಡೆ ಮುಖ ಮಾಡಿ, ತಲೆಯಾಡಿಸಿ, ಅಲ್ಲಿಂದಲೇ ಮುಂದಿನ ಸಾಲು ಎತ್ತಿಕೊಂಡರು.

ನಾನು ಎಷ್ಟೋ ದೊಡ್ಡ ಕಾರ್ಯಕ್ರಮ ನಡೆಸಿಕೊಟ್ಟಿದ್ದೀನಿ, ಸ್ವಾಮಿ. ಹಾಡೋರಿಗೂ ಕೇಳೋರಿಗೂ ನಡುವೆ ಅಷ್ಟು ಹತ್ತಿರದ ದಾರಿ ಇನ್ನೊಮ್ಮೆ ನೋಡಿಲ್ಲ.

ಬೆಳಗಿನ ಜಾವ ಮೂರಕ್ಕೆ ವಾಪಸ್. ಕರಡಿ ಬರಲಿಲ್ಲ. ಅಕ್ಕ ಹಿಂದಿನ ಸೀಟಲ್ಲಿ ಕೂತು ದಾರಿಯುದ್ದಕ್ಕೂ ಕಥೆಯ ಉಳಿದ ಭಾಗ ಹೇಳಿದಳು. ಯಾಕೆಂದರೆ ಆ ರಾತ್ರಿಯೂ ಕಥೆ ಮುಗಿದಿರಲಿಲ್ಲ.

ಈಗ ನನ್ನ ತಕರಾರಿಗೆ ಬರ್ತೀನಿ. ನಾವು ಪ್ರಶಸ್ತಿ ಕೊಡೋದು ಒಂದು ಹೆಸರಿಗೆ. ಶಾಲು ಒಂದು, ಹಾರ ಒಂದು, ಫಲಕ ಒಂದು, ಫೋಟೋದಲ್ಲಿ ಒಬ್ಬರು. ಮಾಸಾಶನದ ಅರ್ಜಿಯಲ್ಲೂ ಕಲಾವಿದರ ಹೆಸರಿಗೆ ಒಂದೇ ಗೆರೆ. ಈರಮ್ಮನವರಿಗೆ ಬಂದ ಗೌರವ ಅವರಿಗೆ ಬರಬೇಕಾದದ್ದೇ, ತಡವಾಗಿಯೇ ಬಂತು. ಆದರೆ ಪಕ್ಕದಲ್ಲಿ ದಿಮ್ಮಿ ಹಿಡಿದು ಅಷ್ಟು ವರ್ಷ ಹ್ಞೂಂ ಅಂದವರನ್ನ ಎಷ್ಟು ಜನರಿಗೆ ಗೊತ್ತು? ಕಥೆ ಹೇಳೋರು ಹೋದಾಗ ಸುದ್ದಿಯಾಗತ್ತೆ, ಹ್ಞೂಂ ಅನ್ನೋರು ಹೋದಾಗ ಆಗಲ್ಲ. ಮೇಳ ಮುರಿಯೋದು ಮಾತ್ರ ಎರಡನೆಯದರಿಂದಲೂ.

ಇದು ಬರೀ ಬುರ್ರಕಥೆಯ ಮಾತಲ್ಲ. 2021ರ ನವೆಂಬರ್‌ನಲ್ಲಿ ನಮ್ಮ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳೋಕೆ ರಾಷ್ಟ್ರಪತಿ ಭವನಕ್ಕೆ ಹೋದರು. ಸೆರಗಿನಿಂದ ರಾಷ್ಟ್ರಪತಿ ಕೋವಿಂದ್ ಅವರಿಗೆ ದೃಷ್ಟಿ ತೆಗೆದದ್ದನ್ನ ನೀವೆಲ್ಲ ನೋಡಿದ್ದೀರಿ. ಎಷ್ಟು ಸಲ ನೋಡಿದ್ದೀರೋ ಲೆಕ್ಕವಿಲ್ಲ, ಎಲ್ಲ ಚಾನೆಲ್‌ಗಳಲ್ಲೂ ತಿರುಗಿದ್ದೇ ತಿರುಗಿದ್ದು. ಚಂದದ ದೃಶ್ಯ, ನನಗೂ ಕಣ್ಣು ತುಂಬಿತ್ತು. ಆದರೆ ಅದು ಕೆಲವೇ ಸೆಕೆಂಡು. ಮಂಜಮ್ಮ ಗುರುವಿನಿಂದ ಕಲಿತ ಜೋಗತಿ ಕುಣಿತವನ್ನ, ಎಲ್ಲಮ್ಮನ ಕಥೆಯನ್ನ ಒಂದು ಪೂರ್ತಿ ಗಂಟೆ ಕೂತು ನೋಡಿದವರು ಇದನ್ನ ಕೇಳ್ತಿರೋರಲ್ಲಿ ಎಷ್ಟು ಜನ? ಆ ಕುಣಿತಕ್ಕೂ ಚೌಡಿಕೆ ಹಿಡಿಯೋರು ಬೇಕು, ಪದ ಎತ್ತಿಕೊಳ್ಳೋರು ಬೇಕು.

ನನ್ನ ಜೊತೆ ಓದಿದ ಒಬ್ಬ ಗೆಳೆಯ ಈಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿಯ ಹಳ್ಳಿ ಸಂಗೀತ, ಕಂಟ್ರಿ ಮ್ಯೂಸಿಕ್ ಅಂತಾರಲ್ಲ, ಅದರ ಹುಚ್ಚು ಹಿಡಿದಿದೆ ಅವನಿಗೆ. ಟಿಕೆಟ್ ತಗೊಂಡು ತಂಗಿಯನ್ನೂ ಕರಕೊಂಡು ಹೋಗ್ತಾನೆ, ದೊಡ್ಡ ಟೋಪಿ ಹಾಕಿಕೊಂಡ ವಿಡಿಯೋ ಕಳಿಸ್ತಾನೆ. ಮೊದಮೊದಲು ನಕ್ಕಿದ್ದೆ. ಆಮೇಲೆ ಅದರ ಇತಿಹಾಸ ಓದಿದೆ. ಅಲ್ಲಿಯ ಹೊಲ, ಗುಡ್ಡದ ಜನರ ಹಾಡು ದೊಡ್ಡದಾದದ್ದು ಹೇಗೆ ಗೊತ್ತಾ? 1925ರ ನವೆಂಬರ್ 28ರಂದು ನ್ಯಾಶ್‌ವಿಲ್ ಊರಿನ ಒಂದು ರೇಡಿಯೋ ಕೇಂದ್ರ, ಒಂದು ವಿಮೆ ಕಂಪನಿಯದು, ಎಪ್ಪತ್ತು ದಾಟಿದ ಪಿಟೀಲು ವಾದಕರೊಬ್ಬರನ್ನ ಮೈಕಿನ ಮುಂದೆ ಕೂರಿಸಿತು. ಆಮೇಲೆ ಪ್ರತಿ ಶನಿವಾರ ಅದೇ. ಗ್ರ್ಯಾಂಡ್ ಓಲ್ ಆಪ್ರಿ ಅಂತ ಅದಕ್ಕೆ ಹೆಸರಾಯ್ತು, ನೂರು ವರ್ಷ ದಾಟಿದರೂ ನಿಂತಿಲ್ಲ. 1927ರಲ್ಲಿ ಬ್ರಿಸ್ಟಲ್ ಅನ್ನೋ ಊರಲ್ಲಿ ಗ್ರಾಮಫೋನ್ ಕಂಪನಿಯವರು ಹಾಡಿಸಿದ ಕಾರ್ಟರ್ ಕುಟುಂಬದ ಮೇಳ ಹೇಗಿತ್ತು ಅಂದರೆ, ಗಂಡ, ಹೆಂಡತಿ, ಗಂಡನ ತಮ್ಮನ ಹೆಂಡತಿ. ಆ ವಾರಗಿತ್ತಿಯರಿಬ್ಬರು ಹುಟ್ಟಿನಿಂದಲೂ ಸಂಬಂಧಿಗಳೇ. ಓದುವಾಗ ನನಗೆ ಶಿವಮ್ಮ, ಪಾರ್ವತಮ್ಮನವರೇ ಕಣ್ಣಮುಂದೆ ಬಂದರು. ಅಲ್ಲಿ ಮೂರು ಹೆಸರೂ ಉಳಿದವು. ಕಂಪನಿ ಅಚ್ಚು ಹಾಕಿದ್ದೇ ಕುಟುಂಬದ ಹೆಸರನ್ನ.

ಅಲ್ಲಿಯದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ವ್ಯಾಪಾರ ಅಲ್ಲೂ ಹಾಡನ್ನ ತಿಂದಿದೆ. ಆದರೆ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ತಪ್ಪದೆ ಅನ್ನೋದು ಇದೆಯಲ್ಲ, ಅದು ಹಾಡೋರಿಗೆ ಸಂಬಳದಷ್ಟೇ ಮುಖ್ಯ. ವರ್ಷಕ್ಕೊಂದು ಉತ್ಸವದ ಇಪ್ಪತ್ತು ನಿಮಿಷ ನಂಬಿಕೊಂಡು ಯಾವ ಹುಡುಗಿ ಕುಮಾರರಾಮನ ಸಾವಿರಾರು ಸಾಲು ಬಾಯಿಪಾಠ ಮಾಡ್ತಾಳೆ ಹೇಳಿ. ಈರಮ್ಮ ಕಲಿತದ್ದು ಚಿಕ್ಕಂದಿನಲ್ಲಿ, ಮನೆಯಲ್ಲೇ, ಹಾಡಿದರೆ ಅವತ್ತಿನ ಕಾಳುಕಡಿ ಮನೆಗೆ ಬರ್ತಿದ್ದ ಕಾಲದಲ್ಲಿ. ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಕೂಡ ಸಾವಿರಾರು ಪದ ನೆನಪಿಟ್ಟವರು. ಅಂಥ ತಲೆಗಳು ಆಕಾಶದಿಂದ ಬೀಳಲ್ಲ. ಸುತ್ತ ಕೇಳೋ ಜನ ಇದ್ದರೆ ಬೆಳೀತವೆ.

ರೆಕಾರ್ಡ್ ಮಾಡಿಡಿ ಸಾಕು, ಯೂಟ್ಯೂಬ್ ಇದೆಯಲ್ಲ ಅಂತಾರೆ ಕೆಲವರು. ಮಾಡಲೇಬೇಕು, ಅದನ್ನ ನಾನು ಹಗುರ ಮಾಡಲ್ಲ. ಉತ್ತರ ಕರ್ನಾಟಕದ ಹುಡುಗರ ಜಾನಪದ ಹಾಡುಗಳಿಗೆ ಅಲ್ಲಿ ಲಕ್ಷಗಟ್ಟಲೆ ಕೇಳುಗರಿದ್ದಾರೆ, ಅದರಿಂದ ಅವರ ಮನೆ ನಡೀತಿದ್ದರೆ ಸಂತೋಷವೇ. ಅದು ನಾಲ್ಕು ನಿಮಿಷದ ಹಾಡಿನ ಲೋಕ, ಅದರ ರುಚಿಯೇ ಬೇರೆ. ರಾತ್ರಿಯಿಡೀ ಹೇಳೋ ಕಥೆ ಅಲ್ಲಿ ಸಿಕ್ಕರೂ ಅದು ನಿಮ್ಮ ಹ್ಞೂಂಗೆ ಕಾಯಲ್ಲ, ಓಡ್ತಾನೇ ಇರತ್ತೆ. ಈ ಕೊರತೆ ನನಗೆ ದಿನಾ ಗೊತ್ತಾಗತ್ತೆ. ನಾನು ಮಾತಾಡೋದು ಕ್ಯಾಮೆರಾ ಮುಂದೆ, ಎದುರಿಗೆ ತೆರೆಯ ಮೇಲೆ ಅಕ್ಷರ ಓಡ್ತಿರತ್ತೆ, ಹ್ಞೂಂ ಅನ್ನೋರು ಯಾರೂ ಇಲ್ಲ. ನೀವು ಮನೆಯಲ್ಲಿ ಅಂದಿರಬಹುದು, ಬೈದಿರಲೂಬಹುದು, ನನಗೆ ಕೇಳಿಸಲ್ಲ.

ನಮ್ಮಕ್ಕನ ವಿಷಯ ಹೇಳಿದೆನಲ್ಲ. ಅವಳು ಈಗಲೂ ಮದುವೆಗಳಲ್ಲಿ ಸೋಬಾನೆ ಹಾಡ್ತಾಳೆ. ಮೊದಲು ನಾಲ್ಕು ಜನರ ಗುಂಪಿತ್ತು. ಇಬ್ಬರು ಹೇಳೋರು, ಇಬ್ಬರು ಹಿಂದೆ ಎತ್ತಿಕೊಳ್ಳೋರು. ಒಬ್ಬಳು ಗಂಡನ ಜೊತೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದಳು. ಒಬ್ಬಳು ತೀರಿಕೊಂಡಳು. ಇನ್ನೊಬ್ಬಳ ಮಗ, ಡಿಜೆ ಇರೋವಾಗ ನಿಂದೇನವ್ವ ಅಂತ ಬಿಡಿಸಿದ. ಕಳೆದ ಯುಗಾದಿಗೆ ಊರಿಗೆ ಹೋದಾಗ ಕೇಳಿದೆ, ಅಕ್ಕಾ, ನಿನಗೆ ಎಷ್ಟು ಪದ ಬರ್ತವೆ ಅಂತ.

"ಎಣಿಸಿಲ್ಲೋ ತಮ್ಮಾ. ಹೇಳಾಕೆ ನಾನದೀನಿ. ಎತ್ತಿಕೊಳ್ಳೋರು ಬೇಕಲ್ಲ. ಒಬ್ಳೇ ಹಾಡಿದ್ರೆ ಹುಚ್ಚಿ ಅಂತಾರೆ."

ನಾನು ಫೋನಲ್ಲಿ ರೆಕಾರ್ಡ್ ಮಾಡ್ತೀನಿ ಅಂದೆ. ಮಾಡು ಅಂದಳು. ಎರಡು ಪದ ಹಾಡಿ ನಿಲ್ಲಿಸಿದಳು. ಯಾಕೆ ಅಂದರೆ, "ನೀ ಫೋನ್ ನೋಡ್ತೀಯಾ, ನನ್ನ ನೋಡ್ತಿಲ್ಲ" ಅಂದಳು. ಫೋನನ್ನ ಗೂಡಿಗೆ ಆನಿಸಿಟ್ಟು ನಾನೂ ಅವಳ ಮಗಳೂ ಎದುರು ಕೂತ್ವಿ. ಆಮೇಲೆ ಹದಿಮೂರು ಪದ ಬಂದವು. ಮಗಳು ಕೂಡ್ಲಿಗಿ ಕಾಲೇಜಿನಲ್ಲಿ ವಿಜ್ಞಾನ ಓದ್ತಿದ್ದಾಳೆ, ದಿನಾ ಬಸ್ಸಲ್ಲಿ ಹೋಗಿ ಬರ್ತಾಳೆ. ಅವಳಿಗೆ ಪಲ್ಲವಿಗಳೆಲ್ಲ ಬರ್ತವೆ ಅನ್ನೋದು ಅವತ್ತೇ ನಮಗೆ ಗೊತ್ತಾಗಿದ್ದು. ಅವಳಿಗೂ ಅವತ್ತೇ ಗೊತ್ತಾಯ್ತು ಅನ್ಸತ್ತೆ.

ಸರ್ಕಾರದವರಿಗೆ, ಅಕಾಡೆಮಿಯವರಿಗೆ ನನ್ನದು ಸಣ್ಣ ಕೋರಿಕೆ. ಉತ್ಸವಗಳಿಗೆ ಕೋಟಿ ಖರ್ಚು ಮಾಡ್ತೀರಿ, ದೊಡ್ಡ ವೇದಿಕೆಗೆ ಸಿನಿಮಾದವರನ್ನ ಕರೀರಿ, ಬೇಡ ಅನ್ನಲ್ಲ, ನಾನೂ ನೋಡ್ತೀನಿ. ಎಲ್ಲಾದರೂ ಒಂದು ಮೂಲೆಯಲ್ಲಿ, ಒಂದು ಮರದ ಕೆಳಗೆ, ಒಂದೇ ಮೇಳಕ್ಕೆ ಒಂದು ಪೂರ್ತಿ ರಾತ್ರಿ ಬಿಟ್ಟುಕೊಡಿ. ಗಡಿಯಾರ ತೋರಿಸೋ ಸ್ವಯಂಸೇವಕ ಅಲ್ಲಿಗೆ ಬರೋದು ಬೇಡ. ಸಂಭಾವನೆಯ ಚೀಟಿಯಲ್ಲಿ, ಪ್ರಶಸ್ತಿಯ ಫಲಕದಲ್ಲಿ ಮೇಳದ ಎಲ್ಲರ ಹೆಸರೂ ಬರಲಿ. ಫಲಕದಲ್ಲಿ ಜಾಗ ಸಾಲದಿದ್ದರೆ ಮಂತ್ರಿಗಳ ಹೆಸರು ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆಸಿದರಾಯ್ತು.

ಹೋದ ವಾರ ನಮ್ಮ ಕಡೆಯ ಒಂದು ಜಾತ್ರೆ ಕಮಿಟಿಯವರು ಫೋನ್ ಮಾಡಿದ್ದರು. ಅಣ್ಣಾ, ನೀವು ಟೀವಿಯವರು, ಈ ಸಲ ಜೋರಾಗಿ ಮಾಡ್ಬೇಕಂತಿದ್ದೀವಿ, ಯಾವುದಾದ್ರೂ ಒಳ್ಳೆ ರಸಮಂಜರಿ ತಂಡದ ನಂಬರ್ ಇದ್ರೆ ಕೊಡ್ರಿ ಅಂದರು. ಅಕ್ಕನ ನಂಬರ್ ಕೊಟ್ಟಿದ್ದೀನಿ. ತಂಡದಲ್ಲಿ ಎಷ್ಟು ಜನ ಅಂತ ಕೇಳಿದರು. ಸದ್ಯಕ್ಕೆ ಇಬ್ಬರು, ತಾಯಿ ಮಗಳು, ಇನ್ನಿಬ್ಬರನ್ನ ನಿಮ್ಮೂರಲ್ಲೇ ಹುಡುಕಬೇಕು ಅಂದೆ. ಮೀಟಿಂಗ್ ಮಾಡಿ ಹೇಳ್ತೀವಿ ಅಂದಿದ್ದಾರೆ.